ಬಾಗಿಲೊಳಗಿನ ಜೀರುಂಡೆ

"ಮಾವ, ಬಾಗಿಲೊಳಗೆ ಜೀರುಂಡೆ ಹೊಕ್ಕಿದೆ" ಎಂದು ಪುಟ್ಟಿ ತೀರ್ಪು ಕೊಟ್ಟುಬಿಟ್ಟಳು.

ಸಾಗರದಿಂದ ಶಿವಮೊಗ್ಗಕ್ಕೆ ಹೊರಟಿದ್ದೆವು. ಕಾರು ಅಜ್ಜನದು, 1999ರ ಮಾರುತಿ 800. ಪುಟ್ಟಿಗಿಂತ 15 ವರ್ಷ ದೊಡ್ಡದು. ಭದ್ರಾವತಿ ಆಕಾಶವಾಣಿಯಿಂದ ಹಳೇ ಚಿತ್ರಗೀತೆ ಬರುತ್ತಿತ್ತು. ಗಾಯಕರು ಮೆಲ್ಲಗೆ ಹಾಡುವಷ್ಟು ಹೊತ್ತು ತಕರಾರಿಲ್ಲ. ತಬಲಾ ಗಟ್ಟಿಯಾದದ್ದೇ ತಡ, ಎಡಗಡೆ ಬಾಗಿಲಿನಿಂದ 'ಜಿರ್ರ್' ಎಂದು ಶುರು. ಮಲೆನಾಡಿನ ಮಕ್ಕಳಿಗೆ ಜೀರುಂಡೆ ಸದ್ದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಜೋರು ಮಳೆ ನಿಂತ ಸಂಜೆಗಳಲ್ಲಿ ಅದನ್ನು ಕೇಳಿಕೊಂಡೇ ಓದಿ ಬರೆದು ಮಾಡುವವರು ಅವರು. ಹಾಗಾಗಿ ಪುಟ್ಟಿಯ ಮಾತನ್ನು ತೆಗೆದುಹಾಕುವ ಹಾಗಿರಲಿಲ್ಲ.

"ಜೀರುಂಡೆಯೂ ಅಲ್ಲ, ಎಂಥದೂ ಅಲ್ಲ. ಸ್ಪೀಕರ್ ಹೋಗಿದೆ, ಹೊಸದು ಹಾಕ್ಸು" ಎಂದರು ಅಜ್ಜ. ಸ್ವಲ್ಪ ಹೊತ್ತು ಬಿಟ್ಟು, ಯಾರೂ ಕೇಳದಿದ್ದರೂ, "ಕಾರು ಮಾತ್ರ ಮಾರೂದಿಲ್ಲ" ಎಂದೂ ಸೇರಿಸಿದರು.

ಭಾನುವಾರ ಅಂಗಳದಲ್ಲಿ ಕಾರು ನಿಲ್ಲಿಸಿ ಮೊದಲು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿದೆ. ಕಾರಿನ 12 ವೋಲ್ಟಿಗೆ ಮನುಷ್ಯರಿಗೆ ಷಾಕ್ ಹೊಡೆಯುವ ತಾಕತ್ತಿಲ್ಲ. ಆದರೆ ಪ್ಲಸ್ ತಂತಿ ತಪ್ಪಿ ಕಾರಿನ ಕಬ್ಬಿಣಕ್ಕೆ ತಾಗಿತೋ, ಆ ತಂತಿ ಕೆಂಡದ ಹಾಗೆ ಕಾಯುವಷ್ಟು ಕರೆಂಟು ಹರಿದುಬಿಡುತ್ತದೆ. ಆದ್ದರಿಂದ ಈ ಒಂದು ಕೆಲಸ ದೊಡ್ಡವರದು. ಮಿಕ್ಕಿದ್ದಕ್ಕೆಲ್ಲ ಪುಟ್ಟಿ, ಅವಳ ತಮ್ಮ ಚಿನ್ನು ಇಬ್ಬರೂ ತಯಾರಾಗಿ ನಿಂತಿದ್ದರು.

ಬಾಗಿಲಿನ ಒಳಮೈಗೆ ಹೊದಿಸಿರುತ್ತಾರಲ್ಲ, ಆ ಪ್ಯಾಡ್ ಕಳಚಬೇಕಾದರೆ ಗಾಜು ಏರಿಸುವ ಹ್ಯಾಂಡಲ್ ತೆಗೆಯಬೇಕು. ಎಷ್ಟು ಹುಡುಕಿದರೂ ಅದಕ್ಕೆ ಸ್ಕ್ರೂ ಕಾಣಲಿಲ್ಲ. ಹ್ಯಾಂಡಲ್ಲಿನ ಬೆನ್ನಲ್ಲಿ ಕುದುರೆ ಲಾಳದಂಥ ಪುಟ್ಟ ಉಕ್ಕಿನ ಕ್ಲಿಪ್ ಅಡಗಿರುತ್ತದೆ. ಅದನ್ನು ಬಿಡಿಸುವುದಕ್ಕೆ ಗ್ಯಾರೇಜಿನವರು ಒಂದು ಉಪಾಯ ಮಾಡುತ್ತಾರೆ: ಹಳೇ ಬನಿಯನ್ ಬಟ್ಟೆಯನ್ನು ಹ್ಯಾಂಡಲ್ಲಿನ ಹಿಂದೆ ತೂರಿಸಿ, ಸ್ನಾನ ಮಾಡಿ ಬೆನ್ನು ಒರೆಸಿಕೊಳ್ಳುವ ಹಾಗೆ ಎರಡೂ ತುದಿ ಹಿಡಿದು ಆಚೆ ಈಚೆ ಎಳೆಯುವುದು. ಬಟ್ಟೆಯ ಎಳೆ ಕ್ಲಿಪ್ಪಿನ ಕೊಂಡಿಗೆ ಸಿಕ್ಕಿ ಎಳೆದುಬಿಡುತ್ತದೆ. ಚಿನ್ನು ನಾಲ್ಕು ಸಲ ಎಳೆದ. 'ಟಿಂಗ್!' ಹ್ಯಾಂಡಲ್ ಕೈಗೆ ಬಂತು. ಕ್ಲಿಪ್ ಎಲ್ಲಿಗೆ ಹಾರಿತೋ ಯಾರಿಗೂ ಕಾಣಲಿಲ್ಲ.

ಪ್ಯಾಡ್ ಕಳಚಿದೆವು. ಜೀರುಂಡೆ ಇರಲಿಲ್ಲ.

ಇದ್ದದ್ದು ಐದಿಂಚಿನ ಒಂದು ಹಳೇ ಸ್ಪೀಕರ್. ಆಲಿಕೆಯನ್ನು ಅಗಲ ಮಾಡಿದ ಹಾಗಿರುವ ಕಪ್ಪು ಕಾಗದದ ಕೋನ್, ಅದರ ಸುತ್ತ ಸ್ಪಂಜಿನ ಉಂಗುರ. ಪುಟ್ಟಿ ಬೆರಳಿಂದ ಮುಟ್ಟಿದಳಷ್ಟೆ, ಉಂಗುರ ಒಣ ರಸ್ಕಿನ ಹಾಗೆ ಪುಡಿ ಪುಡಿ ಉದುರಿತು. ಅದು ಪಾಲಿಯುರೆಥೇನ್ ಎಂಬ ನೊರೆಪ್ಲಾಸ್ಟಿಕ್. ಗಾಳಿಯ ತೇವ ಅದರ ಕಣಗಳ ಉದ್ದುದ್ದ ಸರಪಳಿಗಳನ್ನು ನಿಧಾನಕ್ಕೆ ತುಂಡು ಮಾಡುತ್ತ ಹೋಗುತ್ತದೆ, ಬಿಸಿಲೂ ಕೈಜೋಡಿಸುತ್ತದೆ. ಇಪ್ಪತ್ತು ಮಳೆಗಾಲ ಕಂಡ ಮೇಲೆ ಅದು ಉಳಿದಿದ್ದರೇ ಆಶ್ಚರ್ಯ.

ಚಿನ್ನುವಿಗೆ ಸ್ಪೀಕರ್ ಒಳಗೆ ಏನಿದೆ ನೋಡಬೇಕಿತ್ತು. ಹೇಗೂ ಎಸೆಯುವುದೇ ಎಂದು ಬ್ಲೇಡು ಹಾಕಿ ಕೊಯ್ದೆ. ಕೋನಿನ ಬುಡದಲ್ಲಿ ತೆಳ್ಳನೆಯ ತಾಮ್ರದ ತಂತಿ ಸುತ್ತಿದ ಒಂದು ಕೊಳವೆ ಇದೆ. ಅದಕ್ಕೆ ಕಾಯಿಲ್ ಎನ್ನುತ್ತಾರೆ. ಆ ಕೊಳವೆ ದಪ್ಪ ಅಯಸ್ಕಾಂತದ ನಡುವಿನ ಸಂದಿನಲ್ಲಿ ಮೇಲೆ ಕೆಳಗೆ ಆಡುತ್ತದೆ. ಕಾಯಿಲ್ಲಿಗೂ ಸಂದಿನ ಗೋಡೆಗೂ ನಡುವೆ ಇರುವ ಜಾಗ ಒಂದೆರಡು ಕಾಗದದ ದಪ್ಪದಷ್ಟು ಮಾತ್ರ. ಕಾಯಿಲ್ ಅತ್ತಿತ್ತ ವಾಲದಂತೆ ಹಿಡಿದುಕೊಳ್ಳುವವರು ಇಬ್ಬರು. ಮೇಲೆ, ಈಗ ಪುಡಿಯಾದ ಉಂಗುರ. ಕೆಳಗೆ, ನಿರಿಗೆ ನಿರಿಗೆಯಾದ ಹಳದಿ ಬಟ್ಟೆಯ ಒಂದು ಬಿಲ್ಲೆ. ಈ ಬಿಲ್ಲೆಗೆ ಸ್ಪೀಕರ್ ಮಾಡುವವರು ಇಟ್ಟಿರುವ ಹೆಸರು ಸ್ಪೈಡರ್. ಜೀರುಂಡೆ ಸಿಗದಿದ್ದರೂ ಜೇಡವಂತೂ ಸಿಕ್ಕಿತು.

ಮೇಲಿನ ಉಂಗುರ ಹೋದದ್ದರಿಂದ ಕಾಯಿಲ್ ವಾಲಿ ಅಯಸ್ಕಾಂತದ ಗೋಡೆಗೆ ತಿಕ್ಕುತ್ತಿತ್ತು. ಜಿರ್ರ್ ಎನ್ನುತ್ತಿದ್ದದ್ದು ಆ ತಿಕ್ಕಾಟ. ತಬಲಾ ಗಟ್ಟಿಯಾದಾಗ ಕೋನ್ ಹೆಚ್ಚು ದೂರ ಆಡಬೇಕು, ತಿಕ್ಕಾಟವೂ ಹೆಚ್ಚು.

ಬಲಬಾಗಿಲ ಸ್ಪೀಕರ್ ಇನ್ನೂ ಇಡಿಯಾಗಿತ್ತು. ಅದನ್ನಿಟ್ಟುಕೊಂಡು ಒಂದು ಆಟ ತೋರಿಸಿದೆ. ನೀವೂ ಹಳೆಯ ಸ್ಪೀಕರ್ ಸಿಕ್ಕರೆ ಮಾಡಿ ನೋಡಬಹುದು. ಗೋಡೆ ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ ತೆಗೆದುಕೊಳ್ಳಿ. ಸ್ಪೀಕರ್ ಬೆನ್ನಿನ ಎರಡು ಕಿವಿಗಳಲ್ಲಿ ಒಂದಕ್ಕೆ ಪ್ಲಸ್ ಗುರುತಿರುತ್ತದೆ. ಸೆಲ್ಲಿನ ಪ್ಲಸ್ ಅದಕ್ಕೆ, ಮೈನಸ್ ಇನ್ನೊಂದಕ್ಕೆ ಒಂದು ಕ್ಷಣ ತಾಗಿಸಿ. 'ಟಕ್' ಎಂದು ಕೋನ್ ಹೊರಕ್ಕೆ ಜಿಗಿಯುತ್ತದೆ. ತಿರುಗುಮುರುಗು ತಾಗಿಸಿದರೆ ಒಳಕ್ಕೆ. ವಿದ್ಯುತ್ ಹರಿಯುವ ತಂತಿಯ ಹತ್ತಿರ ದಿಕ್ಸೂಚಿಯ ಮುಳ್ಳು ಸರಿಯುವುದನ್ನು ಡೆನ್ಮಾರ್ಕಿನ ಊರ್ಸ್ಟೆಡ್ 1820ರಲ್ಲಿ ಕಂಡಿದ್ದರು. ಇಲ್ಲಿ ಆಗುತ್ತಿರುವುದೂ ಅದೇ. ಅಯಸ್ಕಾಂತ ಗಟ್ಟಿಯಾಗಿ ಕೂತಿದೆ, ಅದಕ್ಕೇ ತಂತಿ ಸರಿಯುತ್ತದೆ, ತಂತಿಯ ಜೊತೆಗೆ ಕೋನೂ.

"ಇಷ್ಟೇನಾ? ಟಕ್ ಅಂದ್ರೆ ಹಾಡು ಆಗಲ್ವಲ್ಲ" ಎಂದ ಚಿನ್ನು.

ಒಂದು ಟಕ್ ಹಾಡಲ್ಲ, ನಿಜ. ಆದರೆ ಸೆಕೆಂಡಿಗೆ 440 ಸಲ ಹೊರಗೆ ಒಳಗೆ ಆಡಿಸಿದರೆ ಒಂದು ಸ್ವರ. ಹಾರ್ಮೋನಿಯಂ, ಪಿಟೀಲು, ತಬಲಾ, ಹಾಡುವವರ ಉಸಿರು, ಇಷ್ಟೆಲ್ಲದರ ಅಲುಗಾಟವನ್ನೂ ಕೂಡಿಸಿ ಒಂದೇ ಅಲುಗಾಟವಾಗಿ ಆ ಕೋನ್ ಆಡಿ ತೋರಿಸುತ್ತದೆ, ನಮ್ಮ ಕಿವಿ ಅದನ್ನು ಮತ್ತೆ ಬಿಡಿಸಿಕೊಳ್ಳುತ್ತದೆ. ಈ ಬಗೆಯ ಸ್ಪೀಕರನ್ನು ಹೇಗೆ ಕಟ್ಟಬೇಕೆಂದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು 1925ರಲ್ಲಿ ವಿವರವಾಗಿ ಬರೆದರು. ಐದು ವರ್ಷ ಕಳೆದು 1930ರಲ್ಲಿ ಗಾಲ್ವಿನ್ ಸಹೋದರರು ಕಾರಿಗೆಂದೇ ರೇಡಿಯೊ ಮಾಡಿ ಮಾರಲು ಇಟ್ಟರು. ಮೋಟಾರು ಕಾರಿನ ರೇಡಿಯೊ ಎಂದು ಅದಕ್ಕೆ ಮೋಟೊರೋಲ ಎಂದು ಹೆಸರು. ಸ್ಪೀಕರಿನ ಎಲುಬುಗೂಡು ಅಲ್ಲಿಂದ ಇಲ್ಲಿಯವರೆಗೆ ಹೆಚ್ಚು ಬದಲಾಗಿಲ್ಲ. ನಮ್ಮ ಅಜ್ಜನ ಕಾರಿನಲ್ಲಿದ್ದದ್ದನ್ನು ರೈಸ್, ಕೆಲಾಗ್ ನೋಡಿದ್ದರೆ ಥಟ್ಟನೆ ಗುರುತು ಹಿಡಿಯುತ್ತಿದ್ದರು.

ಹೊಸದನ್ನು ತರುವ ಮೊದಲು ಅಳತೆ. ಅಗಲದ ಅಳತೆಯೇನೋ ಸುಲಭ, ಹಳೇ ತೂತು ಇದೆ. ತೂತು ದೊಡ್ಡದು ಮಾಡಿ ಆರೂವರೆ ಇಂಚಿನದು ಹಾಕಬಹುದಲ್ಲ ಎಂದರು ಪಕ್ಕದ ಮನೆಯವರು. ನನಗೆ ಮನಸ್ಸಾಗಲಿಲ್ಲ. ಬಾಗಿಲಿನ ತಗಡು ಕೊಯ್ದರೆ ಕೊಯ್ದ ಅಂಚಿಗೆ ಬಣ್ಣವಿರುವುದಿಲ್ಲ, ನಮ್ಮ ಮಳೆಗೆ ಎರಡೇ ವರ್ಷದಲ್ಲಿ ತುಕ್ಕು. ಹಳೇ ಕಾರನ್ನು ಕೊಯ್ಯುವುದಕ್ಕಿಂತ ಅದರ ಅಳತೆಗೆ ನಾವು ಹೊಂದಿಕೊಳ್ಳುವುದು ವಾಸಿ.

ಆಳದ ಅಳತೆಯೇ ಕಷ್ಟದ್ದು. ಕಾರಿನ ಬಾಗಿಲು ಒಳಗೆ ಟೊಳ್ಳು, ಆದರೆ ಖಾಲಿಯಲ್ಲ. ಇಳಿಸಿದ ಗಾಜು ಹೋಗಿ ಕೂರುವುದು ಅಲ್ಲಿಯೇ. ಸ್ಪೀಕರಿನ ಬೆನ್ನಿಗಿರುವ ಅಯಸ್ಕಾಂತ ಗಾಜಿನ ದಾರಿಗೆ ಅಡ್ಡ ಬಂದರೆ ಒಂದು ದಿನ ಗಾಜು ಇಳಿಸಿದಾಗ 'ಚಳ್' ಎನ್ನುತ್ತದೆ. ಹ್ಯಾಂಡಲನ್ನು ಸುಮ್ಮನೆ ಸಿಕ್ಕಿಸಿ ಗಾಜನ್ನು ಪೂರ್ತಿ ಇಳಿಸಿದೆವು. ಪುಟ್ಟಿ ಅಜ್ಜಿಯ ಕಸ ಗುಡಿಸುವ ಹಿಡಿಯಿಂದ ಒಂದು ಕಡ್ಡಿ ಎಳೆದು ತಂದು, ತೂತಿನಲ್ಲಿ ನೇರ ಇಟ್ಟು, ಗಾಜಿಗೆ ತಾಗುವ ತನಕ ತಳ್ಳಿ ಉಗುರಿನಿಂದ ಗುರುತು ಮಾಡಿದಳು. ಸ್ಕೇಲಿನಲ್ಲಿ ಅಳೆದರೆ 54 ಮಿಲಿಮೀಟರ್. ಗಾಜು ಅಲುಗಾಡುತ್ತದೆ, ಆದ್ದರಿಂದ 48 ಎಂದು ಬರೆದುಕೊಂಡೆ. ಅಜ್ಜಿ ತಮ್ಮ ಹಿಡಿಯ ಕಡ್ಡಿ ಎಲ್ಲಿ ಎಂದು ಸಂಜೆಯವರೆಗೂ ಕೇಳುತ್ತಿದ್ದರು.

ಮದುವೆಗೆಂದು ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಗೆ ಹೋದೆವು. ಕಾರಿಗೆ ಏನು ಬೇಕಾದರೂ ಸಿಗುವ ಬೀದಿ ಅದು. ಜೆ.ಸಿ. ಎಂದರೆ ಮೈಸೂರಿನ ಜಯಚಾಮರಾಜೇಂದ್ರ ಒಡೆಯರು. ಅವರು ತಾವೇ ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದವರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಕಾರರ ಕೃತಿಗಳನ್ನು ಗ್ರಾಮೊಫೋನ್ ತಟ್ಟೆಗಳಿಗೆ ಇಳಿಸಲು ಹಣ ಕೊಟ್ಟವರು. ಸ್ಪೀಕರ್ ಕೊಳ್ಳುವ ಬೀದಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು.

ಅಂಗಡಿಯಲ್ಲಿ ಚಿನ್ನುವಿನ ಕಣ್ಣು ಬಿದ್ದದ್ದು ಬೆಂಕಿಯ ಚಿತ್ರವಿದ್ದ ಡಬ್ಬಿಯ ಮೇಲೆ. '300 ವ್ಯಾಟ್' ಎಂದು ಬರೆದಿತ್ತು. ಪಕ್ಕದಲ್ಲಿ ಸಪ್ಪೆ ಮುಖದ ಇನ್ನೊಂದು ಡಬ್ಬಿ, 'ಆರ್‌ಎಂಎಸ್ 40 ವ್ಯಾಟ್'. "ಮುನ್ನೂರು ತಗೊಳ್ಳಣ ಮಾವ!"

ಇಲ್ಲಿ ಒಂದು ಲೆಕ್ಕ ಮಾಡೋಣ, ನಾಲ್ಕನೇ ಕ್ಲಾಸಿನವರಿಗೂ ಬರುವ ಲೆಕ್ಕ. ಇಂಜಿನ್ ಓಡುತ್ತಿರುವಾಗ ಕಾರಿನಲ್ಲಿ ಸುಮಾರು 14 ವೋಲ್ಟ್ ಇರುತ್ತದೆ. ಕಾರಿನ ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆ ಸಾಮಾನ್ಯವಾಗಿ 4 ಓಮ್. ವೋಲ್ಟನ್ನು ಅದರಿಂದಲೇ ಗುಣಿಸಿ ಓಮಿನಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. 14 ಗುಣಿಸು 14, 196. ಅದನ್ನು 4ರಿಂದ ಭಾಗಿಸಿದರೆ 49. ಅಜ್ಜನ ಕಾರಿನ ರೇಡಿಯೊ ಸೆಟ್ಟಿನ ಮೇಲೆ '50 ವ್ಯಾಟ್' ಎಂದು ಹೊಳೆಯುವ ಅಕ್ಷರದಲ್ಲಿ ಬರೆದಿದೆಯಲ್ಲ, ಅದು ಎಲ್ಲಿಂದ ಬಂತು ಎಂದು ಈಗ ಗೊತ್ತಾಯಿತು. ಆದರೆ ಹಾಡಿನ ವಿದ್ಯುತ್ತು ಉಯ್ಯಾಲೆಯ ಹಾಗೆ ಹಿಂದೆ ಮುಂದೆ ತೂಗುತ್ತದೆ. 49 ಎನ್ನುವುದು ಉಯ್ಯಾಲೆ ತುತ್ತತುದಿಗೆ ಹೋದ ಆ ಒಂದು ಚಣದ ಲೆಕ್ಕ. ಸರಾಸರಿ ತೆಗೆದರೆ ಅದರ ಅರ್ಧ. ಸೆಟ್ಟು ತನ್ನ ಪಾಲಿಗೆ ಒಂದಿಷ್ಟು ತಿಂದು ಬಿಸಿಯಾಗುತ್ತದೆ. ಕೊನೆಗೆ ಸ್ಪೀಕರಿಗೆ ತಲುಪುವುದು 20 ವ್ಯಾಟಿನ ಆಸುಪಾಸು.

ಹಾಗಾದರೆ ಮುನ್ನೂರು ಯಾರಿಗೆ? ಸ್ಪೀಕರ್ ವ್ಯಾಟ್ ಕೊಡುವುದಿಲ್ಲ, ತಿನ್ನುತ್ತದೆ. ಡಬ್ಬಿಯ ಮೇಲಿನ ಅಂಕಿ, ಅದು ಸುಟ್ಟುಹೋಗದೆ ಎಷ್ಟು ತಡೆದುಕೊಳ್ಳಬಲ್ಲದು ಎಂಬುದಕ್ಕೆ. ಅದರಲ್ಲೂ 300 ಎನ್ನುವುದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಮಾತು. ಗಂಟೆಗಟ್ಟಲೆ ಹಾಡಿದರೆ ಎಷ್ಟು ಎಂದು ಹೇಳುವುದು ಆರ್‌ಎಂಎಸ್ ಎಂದು ಬರೆದ ಸಪ್ಪೆ ಅಂಕಿ. ಬಾಳೆಲೆ ಅಗಲವಾಗಿದ್ದ ಮಾತ್ರಕ್ಕೆ ಬಡಿಸುವ ಅನ್ನ ಹೆಚ್ಚಾಗುವುದಿಲ್ಲ. ನಾನು ಚಿಕ್ಕವನಿದ್ದಾಗ ಅಂಗೈಯಗಲದ ಟೇಪ್‌ರೆಕಾರ್ಡರಿನ ಮೇಲೂ 'ಪಿಎಂಪಿಒ' ಎಂದು ಸಾವಿರದ ಅಂಕಿ ಬರೆದಿರುತ್ತಿತ್ತು. ಅದನ್ನು ನಂಬಿ ಮೋಸ ಹೋದವರಲ್ಲಿ ನಾನೂ ಒಬ್ಬ.

ನೋಡಬೇಕಾದ ಅಂಕಿ ಡಬ್ಬಿಯ ಹಿಂಬದಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿತ್ತು. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಎಂದು. ಬೆಂಕಿ ಡಬ್ಬಿಯದು 88, ಸಪ್ಪೆ ಡಬ್ಬಿಯದು 91. ಮೂರೇ ಅಲ್ಲವೇ ವ್ಯತ್ಯಾಸ ಎನ್ನಬೇಡಿ. ಡೆಸಿಬೆಲ್ಲಿನ ಏಣಿಯಲ್ಲಿ ಮೂರು ಮೆಟ್ಟಿಲು ಹತ್ತಿದರೆ ಶಕ್ತಿ ಇಮ್ಮಡಿ. ಅಂದರೆ 20 ವ್ಯಾಟ್ ಕೊಟ್ಟಾಗ ಸಪ್ಪೆ ಡಬ್ಬಿಯ ಸ್ಪೀಕರ್ ಮಾಡುವಷ್ಟು ಸದ್ದನ್ನು ಮಾಡಲು ಬೆಂಕಿಯದಕ್ಕೆ 40 ವ್ಯಾಟ್ ಬೇಕು. ಎರಡೂ ದುಂದುಗಾರರೇ ಅನ್ನಿ. ಕೊಟ್ಟ ವಿದ್ಯುತ್ತಿನಲ್ಲಿ ನೂರಕ್ಕೆ ಒಂದು ಪಾಲೂ ಸದ್ದಾಗುವುದಿಲ್ಲ. ಉಳಿದದ್ದೆಲ್ಲ ಕಾಯಿಲ್ಲಿನ ಬಿಸಿ. ಹಳೇ ಕಾರು, ಸಣ್ಣ ಸೆಟ್ಟು ಇರುವವರು ಸ್ವಲ್ಪದರಲ್ಲಿ ಹೆಚ್ಚು ಹಾಡುವ ಸ್ಪೀಕರನ್ನೇ ಆರಿಸಬೇಕು. ಸಪ್ಪೆ ಡಬ್ಬಿಯದರ ಕೋನ್ ನೀರು ಹೀರದ ಪ್ಲಾಸ್ಟಿಕ್, ಅಂಚಿನ ಉಂಗುರ ರಬ್ಬರ್, ಆಳ 45 ಮಿಲಿಮೀಟರ್. ಅದನ್ನೇ ಕೊಂಡೆವು. ಚಿನ್ನು ಊರು ಸೇರುವ ತನಕ ಮುಖ ಊದಿಸಿಕೊಂಡಿದ್ದ.

ಊರಿಗೆ ಬಂದು ಸ್ಪೀಕರಿಗೆ ಉದ್ದದ ತಂತಿ ಹಾಕಿ, ಸೆಟ್ಟಿಗೆ ಜೋಡಿಸಿ, ಕೈಯಲ್ಲೇ ಹಿಡಿದು ಹಾಡು ಹಾಕಿದೆ. ಮೂವರ ಮುಖವೂ ಬಾಡಿತು. ಸೊಳ್ಳೆ ಹಾಡಿದ ಹಾಗೆ ಕೀರಲು. ತಬಲಾ ಎಲ್ಲಿ? "ಹಳೇದೇ ವಾಸಿ ಇತ್ತು" ಎಂದ ಚಿನ್ನು. ಮುನ್ನೂರು ವ್ಯಾಟಿನ ಸಿಟ್ಟು ಇನ್ನೂ ಇತ್ತು ಅವನಿಗೆ.

ಆಗ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಗೆ ಸ್ಪೀಕರಿನಷ್ಟೇ ತೂತು ಕೊಯ್ದು, ಅದೇ ಹಾಡು ನಡೆಯುತ್ತಿರುವಾಗಲೇ ಸ್ಪೀಕರನ್ನು ಒಳಗಿನಿಂದ ತೂತಿಗೆ ಒತ್ತಿ ಹಿಡಿದೆ. 'ಧುಂ!' ಎಲ್ಲಿಂದಲೋ ತಬಲಾ ಎದ್ದು ಬಂತು. ತೆಗೆದರೆ ಸೊಳ್ಳೆ, ಒತ್ತಿದರೆ ತಬಲಾ. ಪುಟ್ಟಿ ನನ್ನ ಕೈಯಿಂದ ಕಿತ್ತುಕೊಂಡು ಹತ್ತು ಸಲ ಮಾಡಿದಳು.

ಒಂದು ಚೂರು ರಟ್ಟು ಏನು ಮಾಡಿತು? ಸ್ಪೀಕರ್ ಮುಂದಕ್ಕೆ ಗಾಳಿಯನ್ನು ನೂಕುವಾಗಲೇ ಹಿಂದುಗಡೆಯಿಂದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಮುಂದೆ ಒತ್ತಿದ ಗಾಳಿ ಕೋನಿನ ಅಂಚು ಬಳಸಿ ಹಿಂದಿನ ಖಾಲಿಗೆ ನುಸುಳಿಬಿಟ್ಟರೆ ಲೆಕ್ಕ ಚುಕ್ತಾ, ನಮ್ಮ ಕಿವಿಗೆ ಏನೂ ಬರುವುದಿಲ್ಲ. ಬಕೆಟ್ಟಿನ ನೀರಿನಲ್ಲಿ ಅಂಗೈಯನ್ನು ನಿಧಾನಕ್ಕೆ ಆಡಿಸಿ ನೋಡಿ, ನೀರು ಬೆರಳಂಚಿನಿಂದ ಜಾರಿ ಹಿಂದಕ್ಕೆ ಹೋಗುತ್ತದೆ. ತೋಟದ ಕಾಲುವೆಯಲ್ಲಿ ಅದರ ಅಗಲಕ್ಕೆ ಸರಿಯಾದ ಹಲಗೆ ನಿಲ್ಲಿಸಿ ಅಷ್ಟೇ ನಿಧಾನಕ್ಕೆ ತಳ್ಳಿ. ಜಾರಿಕೊಳ್ಳಲು ದಾರಿಯಿಲ್ಲದ ನೀರು ಅಲೆಯಾಗಿ ಮುಂದೆ ಹೋಗುತ್ತದೆ. ರಟ್ಟಿನ ಪೆಟ್ಟಿಗೆ ಆ ಹಲಗೆಯ ಕೆಲಸ ಮಾಡಿತು.

ಕೀರಲು ಸದ್ದು ಮಾತ್ರ ಕೈಯಲ್ಲಿ ಹಿಡಿದಾಗಲೂ ಇತ್ತಲ್ಲ ಎಂದು ಪುಟ್ಟಿ ಕೇಳಿದಳು. ಒಳ್ಳೆಯ ಪ್ರಶ್ನೆ. ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಸೆಕೆಂಡಿಗೆ 100 ಸಲ ಅಲುಗುವ ದಪ್ಪ ಸದ್ದಿನ ಒಂದೊಂದು ಅಲೆಯೂ 3.4 ಮೀಟರ್ ಉದ್ದ, ಹೆಚ್ಚುಕಡಿಮೆ ನಮ್ಮ ಕಾರಿನಷ್ಟೇ. ಅಷ್ಟು ಉದ್ದದ ಅಲೆಗೆ ಐದಿಂಚಿನ ಸ್ಪೀಕರನ್ನು ಬಳಸಿ ಹಿಂದಕ್ಕೆ ಹೋಗಲು ಬೇಕಾದಷ್ಟು ಸಮಯವಿದೆ. ಸೆಕೆಂಡಿಗೆ 5000 ಸಲ ಅಲುಗುವ ಕೀರಲು ಸದ್ದಿನ ಅಲೆ 7 ಸೆಂಟಿಮೀಟರೂ ಇಲ್ಲ. ಅದು ಅಂಚು ತಲುಪುವುದರೊಳಗೆ ಕೋನ್ ತನ್ನ ಆಟ ಬದಲಿಸಿಯಾಗಿರುತ್ತದೆ.

ಅಂದರೆ ನಾವು ಹಣ ಕೊಟ್ಟು ತಂದದ್ದು ಅರ್ಧ ಸ್ಪೀಕರ್. ಉಳಿದರ್ಧ ಕಾರಿನ ಬಾಗಿಲು, ಅದು 1999ರಿಂದಲೂ ನಮ್ಮಲ್ಲೇ ಇತ್ತು. ಸಾವಿರಾರು ರೂಪಾಯಿಯ ಸ್ಪೀಕರ್ ತಂದು ತೂತು ಬಿದ್ದ ಬಾಗಿಲಿಗೆ ಹಾಕಿಸಿ ಪೆಚ್ಚಾಗುವವರನ್ನು ನಾನು ಕಂಡಿದ್ದೇನೆ.

ನಮ್ಮ ಬಾಗಿಲ ಒಳಗಿನ ತಗಡಿನಲ್ಲಿ ಕೈ ತೂರಿಸುವಷ್ಟು ದೊಡ್ಡ ಕಿಂಡಿಗಳಿದ್ದವು. ಅವುಗಳ ಮೇಲಿರಬೇಕಾದ ಪ್ಲಾಸ್ಟಿಕ್ ಹಾಳೆ ಹರಿದು ಜೋತಾಡುತ್ತಿತ್ತು. ಅಂಟಂಟಾದ ಕಪ್ಪು ರಬ್ಬರಿಗೆ ಅಲ್ಯುಮಿನಿಯಂ ಹಾಳೆ ಹಚ್ಚಿದ ಒಂದು ಬಗೆಯ ಶೀಟು ಸಿಗುತ್ತದೆ, ಡ್ಯಾಂಪಿಂಗ್ ಶೀಟ್ ಎಂದು ಕೇಳಿದರೆ ಕೊಡುತ್ತಾರೆ. ಅದನ್ನು ಕತ್ತರಿಸಿ ಕಿಂಡಿಗಳನ್ನು ಮುಚ್ಚಿದೆವು. ಹುಮ್ಮಸ್ಸಿನಲ್ಲಿ ಚಿನ್ನು ಬಾಗಿಲಿನ ತಳದ ಸಣ್ಣ ತೂತುಗಳಿಗೂ ಅಂಟಿಸಲು ಹೊರಟ. ಓಡಿ ಹೋಗಿ ತಡೆದೆ. ಮಳೆ ಬಂದಾಗ ಗಾಜಿನ ಮೇಲೆ ಹರಿಯುವ ನೀರು ಬಾಗಿಲೊಳಗೇ ಇಳಿಯುತ್ತದೆ, ಆ ತೂತುಗಳಿಂದಲೇ ಹೊರಗೆ ಹೋಗಬೇಕು. ಹಿಡಿಕಡ್ಡಿ ಹಾಕಿ ಕೆದಕಿದರೆ ಕೊಳೆತ ಎಲೆ, ಕೆಸರು ಬಂತು. ಹಳೇ ಎಣ್ಣೆ ಕ್ಯಾನ್ ಕೊಯ್ದು ಸ್ಪೀಕರಿನ ನೆತ್ತಿಗೆ ಒಂದು ಸೂರು ಮಾಡಿದೆವು, ಒಳಗೆ ಇಳಿಯುವ ನೀರು ಮೈಮೇಲೆ ಬೀಳದಂತೆ. ಮನೆಗೆ ಅಡಕೆ ಸೋಗೆ ಹೊದೆಸುತ್ತಿದ್ದ ಊರಿನವರಿಗೆ ಇದೇನು ಹೊಸದಲ್ಲ.

ಇನ್ನು ಬಾಗಿಲಿನ ಹೊರ ತಗಡು. ಬೆರಳ ಗಂಟಿನಿಂದ ತಟ್ಟಿದರೆ 'ಡಣ್' ಎನ್ನುತ್ತಿತ್ತು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಹೀಗೆ ಡಣ್ ಎಂದರೆ ಸಂತೋಷ. ಇಲ್ಲಿ ಅದೇ ಕೆಟ್ಟದ್ದು. ತಗಡಿಗೆ ತನ್ನದೇ ಒಂದು ಸ್ವರವಿದೆ. ಹಾಡಿನಲ್ಲಿ ಆ ಸ್ವರ ಬಂದಾಗಲೆಲ್ಲ ತಾನೂ ಜೊತೆಗೂಡಿ ಹಾಡಿಬಿಡುತ್ತದೆ. ತಗಡಿನ ಒಳಮೈಗೆ ಅಂಗೈಯಗಲದ ಶೀಟುಗಳನ್ನು ಅಲ್ಲಲ್ಲಿ ಅಂಟಿಸಿ ತಟ್ಟಿದರೆ 'ಧಪ್'. ತಗಡಿನ ಅಲುಗಾಟವನ್ನು ಅಂಟು ರಬ್ಬರ್ ಎಳೆದಾಡಿಸಿಕೊಂಡು ಚೂರೇ ಚೂರು ಬಿಸಿಯಾಗಿ ನುಂಗಿಬಿಡುತ್ತದೆ.

ಇದನ್ನು ಅಂಟಿಸುವಾಗ ನನಗೆ ಮೃದಂಗದ ಕರಣೆ ನೆನಪಾಯಿತು. ಮೃದಂಗದ ಬಲಮುಖದಲ್ಲಿ ಕಪ್ಪಗೆ ಗುಂಡಗೆ ಇರುತ್ತದಲ್ಲ, ಅದು. ಬರೀ ಚರ್ಮವನ್ನು ಬಿಗಿದು ಬಾರಿಸಿದರೆ ಅದರಿಂದ ಹೊರಡುವ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ, ಬರೀ ಗದ್ದಲ. ನಡುವೆ ಕರಣೆಯ ಭಾರ ಕೂರಿಸಿದರೆ ಆ ಸ್ವರಗಳು ಸಾಲಾಗಿ ಶ್ರುತಿಗೆ ಬರುತ್ತವೆ ಎಂದು ಸಿ.ವಿ. ರಾಮನ್ 1920ರಲ್ಲೇ ತೋರಿಸಿಕೊಟ್ಟಿದ್ದರು, ನೊಬೆಲ್ ಬಹುಮಾನ ಬರುವುದಕ್ಕೆ ಹತ್ತು ವರ್ಷ ಮೊದಲು. ಮೃದಂಗಕ್ಕೆ ಕಪ್ಪು ಹಚ್ಚುವುದು ಅದು ಚೆನ್ನಾಗಿ ಮಾತಾಡಲಿ ಎಂದು. ಬಾಗಿಲಿಗೆ ಕಪ್ಪು ಹಚ್ಚುವುದು ಅದು ಬಾಯಿ ಮುಚ್ಚಿಕೊಂಡಿರಲಿ ಎಂದು.

ಹೊಸ ಸ್ಪೀಕರಿನ ಜೊತೆಗೆ ಬಂದಿದ್ದ ಗುಬ್ಬಚ್ಚಿ ಗಾತ್ರದ ಟ್ವೀಟರುಗಳನ್ನು, ಅಂದರೆ ಕೀರಲು ಸದ್ದಿಗೆಂದೇ ಇರುವ ಪುಟ್ಟ ಸ್ಪೀಕರುಗಳನ್ನು, ಕನ್ನಡಿಯ ಹತ್ತಿರದ ಮೂಲೆಗೆ ಹಾಕಿದೆವು. ಊರಿನ ಮೆರವಣಿಗೆ ದೂರದಲ್ಲಿದ್ದಾಗ ಮೊದಲು ಕೇಳುವುದು ಡೊಳ್ಳು ತಾನೆ? ದಪ್ಪ ಸದ್ದು ಮನೆ ಮರ ಎಲ್ಲ ಬಳಸಿಕೊಂಡು ಬರುತ್ತದೆ. ತಾಳ, ಗೆಜ್ಜೆಯ ಸದ್ದು ಟಾರ್ಚಿನ ಬೆಳಕಿನ ಹಾಗೆ, ನೇರ ಹೋಗುತ್ತದೆ, ಅಡ್ಡ ಏನಾದರೂ ಬಂದರೆ ಅಲ್ಲಿಗೆ ಮುಗಿಯಿತು. ಟ್ವೀಟರನ್ನು ಕಾಲ ಬುಡದಲ್ಲಿಟ್ಟರೆ ಮೊಣಕಾಲಷ್ಟೇ ಹಾಡು ಕೇಳುತ್ತದೆ. ಟ್ವೀಟರಿನ ತಂತಿಗೆ ಒಂದು ಪುಟ್ಟ ಕೆಪಾಸಿಟರ್ ಪೋಣಿಸಿರುತ್ತಾರೆ. ಅದು ಜರಡಿ. ದಪ್ಪ ಸದ್ದಿನ ವಿದ್ಯುತ್ತನ್ನು ಆಚೆಗೇ ತಡೆದು ಸಣ್ಣದನ್ನು ಮಾತ್ರ ಬಿಡುತ್ತದೆ, ಇಲ್ಲವಾದರೆ ಗುಬ್ಬಚ್ಚಿ ಡೊಳ್ಳು ಬಾರಿಸಲು ಹೋಗಿ ಸತ್ತೇಹೋಗುತ್ತದೆ.

ಎಲ್ಲ ಜೋಡಿಸಿ, ಬ್ಯಾಟರಿ ತಂತಿ ಸಿಕ್ಕಿಸಿ, ಅಜ್ಜನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಹಾಡು ಹಾಕಿದೆವು. ಸ್ವಚ್ಛವಾಗಿತ್ತು. ಆದರೆ ತಬಲಾ ಮತ್ತೆ ಕಾಣೆ. ರಟ್ಟಿನ ಪೆಟ್ಟಿಗೆಯಲ್ಲೇ ಇದಕ್ಕಿಂತ ಚೆನ್ನಾಗಿತ್ತು. ಒಂದು ಕಡೆಯ ಸ್ಪೀಕರ್ ಮಾತ್ರ ಇಟ್ಟರೆ ತಬಲಾ ಇದೆ, ಎರಡೂ ಹಾಕಿದರೆ ಇಲ್ಲ! ಒಂದಕ್ಕೆ ಒಂದು ಸೇರಿದರೆ ಕಡಿಮೆಯಾಗುವ ಈ ಲೆಕ್ಕ ಅಜ್ಜನಿಗೆ ಬಗೆಹರಿಯಲಿಲ್ಲ, ನನಗೂ ಐದು ನಿಮಿಷ ಹಿಡಿಯಿತು. ಅಷ್ಟರಲ್ಲಿ ಪುಟ್ಟಿ ಗೋಡೆ ಗಡಿಯಾರ ಬಿಚ್ಚಿ ಸೆಲ್ ತಂದಿದ್ದಳು. ಸೆಟ್ಟಿನ ಹಿಂದೆ ತಂತಿಗಳನ್ನು ಬಿಡಿಸಿ, ಬಲಗಡೆಯ ಜೋಡಿಗೆ ಸೆಲ್ ತಾಗಿಸಿದಳು. ಪ್ಯಾಡಿನ ಜಾಲರಿಯೊಳಗೆ ಕೋನ್ ಹೊರಕ್ಕೆ ಜಿಗಿಯಿತು. ಎಡಗಡೆಯದಕ್ಕೆ ತಾಗಿಸಿದಳು. ಒಳಕ್ಕೆ.

ತಪ್ಪು ನನ್ನದೇ. ಇಪ್ಪತ್ತೈದು ವರ್ಷದ ತಂತಿಯ ಮೇಲಿನ ಬಿಳಿ ಗೆರೆ ಅಳಿಸಿ ಯಾವುದು ಪ್ಲಸ್ ಎಂದು ಕಾಣುತ್ತಿರಲಿಲ್ಲ, ಅಂದಾಜಿನ ಮೇಲೆ ಸಿಕ್ಕಿಸಿದ್ದೆ. ಒಂದು ಬಾಗಿಲು ಗಾಳಿಯನ್ನು ನೂಕುವಾಗ ಇನ್ನೊಂದು ಬಾಗಿಲು ಎಳೆದುಕೊಳ್ಳುತ್ತಿತ್ತು. ಬಕೆಟ್ಟಿನ ನೀರಿನ ಕತೆಯೇ ಮತ್ತೆ, ಈ ಸಲ ಇಡೀ ಕಾರೇ ಬಕೆಟ್. ಎರಡು ತಂತಿ ಅದಲುಬದಲು ಮಾಡಿದ್ದೇ ತಬಲಾ ಮುಂದಿನ ಸೀಟಿನಲ್ಲೇ ಬಂದು ಕೂತಿತು. ಅಜ್ಜ ಏನೂ ಹೇಳಲಿಲ್ಲ, ಸ್ಟಿಯರಿಂಗಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದರು. ಘಟ್ಟದ ತಿರುವಿನಲ್ಲಿ ಎದುರಿನ ಬಸ್ಸಿನ ಹಾರ್ನ್ ಕೇಳುವಷ್ಟೇ ಇಡಬೇಕು ಎಂಬ ಕರಾರು ಮಾತ್ರ ಆಗಲೇ ಹಾಕಿದರು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಮರುದಿನ ಹಾಡಿನ ನಡುವೆ ಎಲ್ಲೋ ಒಂದೇ ಒಂದು ಕಡೆ, ಅದೂ ಎಡಬಾಗಿಲಿನಿಂದಲೇ, ಮತ್ತೆ 'ಜಿರ್ರ್'.

ಮೊಬೈಲಿನಲ್ಲಿ ಬೇಕಾದ ಸ್ವರ ಹೊರಡಿಸುವ ಆ್ಯಪ್ ಒಂದಿದೆ. ಸೆಕೆಂಡಿಗೆ 40 ಅಲುಗಾಟದಿಂದ ಶುರುಮಾಡಿ ನಿಧಾನಕ್ಕೆ ಏರಿಸುತ್ತ ಹೋದೆವು. ಐವತ್ತು, ಅರವತ್ತು, ಎಪ್ಪತ್ತು, ಸುಮ್ಮನಿತ್ತು. ಎಂಬತ್ತು ದಾಟಿದ್ದೇ ಜಿರ್ರ್. ತೊಂಬತ್ತಕ್ಕೆ ಮತ್ತೆ ಸುಮ್ಮನೆ. ಉಯ್ಯಾಲೆಯನ್ನು ಅದರದೇ ಲಯಕ್ಕೆ ತಳ್ಳಿದರೆ ಮಾತ್ರ ಎತ್ತರಕ್ಕೆ ಹೋಗುತ್ತದಲ್ಲ, ಹಾಗೆ ಒಳಗೆ ಯಾವುದೋ ವಸ್ತುವಿಗೆ ಎಂಬತ್ತೆರಡೋ ಎಂಬತ್ತಮೂರೋ ಇಷ್ಟದ ಲಯ. ಸ್ವರವನ್ನು ಅಲ್ಲೇ ನಿಲ್ಲಿಸಿದೆ. ಪುಟ್ಟಿ ಡಾಕ್ಟರ ಹಾಗೆ ಬಾಗಿಲಿಗೆ ಕಿವಿ ಇಟ್ಟು, ಅಂಗೈಯಿಂದ ಒಂದೊಂದು ಜಾಗ ಒತ್ತುತ್ತ ಕೆಳಗೆ ಬಂದಳು. ಬಾಗಿಲಿನ ಕಿಸೆ ಒತ್ತಿದಾಗ ಸದ್ದು ನಿಂತಿತು. ಇನ್ಷೂರೆನ್ಸ್ ಕಾಗದ, ಪೆಟ್ರೋಲು ಬಂಕಿನ ಚೀಟಿಗಳು, ಎರಡು ಒಣ ಅಡಕೆ, ಎಲ್ಲದರ ಅಡಿಗೆ ಕೈ ಹಾಕಿ ಏನನ್ನೋ ಹಿಡಿದು ತೆಗೆದಳು.

"ಮಾವ, ಜೀರುಂಡೆ."

ಅಂಗೈ ಬಿಚ್ಚಿದರೆ, ಅವತ್ತು ಹಾರಿಹೋಗಿದ್ದ ಲಾಳದ ಕ್ಲಿಪ್.